ನಮ್ಮಪ್ಪನ ಅಂಗಡಿಗೆ ನಾನೇ ಗೈಡ್

ಕಳೆದ ದಸರಾ ರಜೆಯಲ್ಲಿ ದಿನಕ್ಕೆ ಎರಡು ಸಲ ನಾನು ನಮ್ಮಪ್ಪನ ಪರಿಚಯವೇ ಇಲ್ಲದವಳ ಹಾಗೆ ನಟಿಸುತ್ತಿದ್ದೆ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ.

ನಮ್ಮದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ಅಪ್ಪ ವ್ಯಾಪಾರ ನೋಡಿಕೊಳ್ಳುತ್ತಾರೆ, ಅಜ್ಜಿ ಪಕ್ಕದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾಳೆ. ನಾನು ಬಿ.ಎ. ಕೊನೆಯ ವರ್ಷ. ರಜೆಯಲ್ಲಿ ಕೈಖರ್ಚಿಗೆ ಆಗಲೆಂದು ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಹಳೆಯ ಊರು ತೋರಿಸುವ ಕೆಲಸಕ್ಕೆ ಸೇರಿದೆ. ಕೆ.ಆರ್. ವೃತ್ತದಲ್ಲಿ ಶುರು, ಚಿಕ್ಕ ಗಡಿಯಾರದ ಹತ್ತಿರ ಐದು ನಿಮಿಷ, ಆಮೇಲೆ ಮಾರುಕಟ್ಟೆಯೊಳಗೆ ನುಗ್ಗಿ ಧನ್ವಂತರಿ ರಸ್ತೆ ಕಡೆ ಹೊರಬರುವುದು. ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಇಲ್ಲಿ ಕಾಲ ನಿಂತುಬಿಟ್ಟಿದೆ.’

ಮೊದಲ ದಿನ ಆ ಸಾಲು ಹೇಳಿದ್ದು ನಮ್ಮಂಗಡಿ ಮುಂದೆಯೇ. ಅಪ್ಪ ಆಗ ಕ್ಯೂಆರ್ ಕೋಡ್ ಬೋರ್ಡನ್ನು ಗಿರಾಕಿಯ ಮೊಬೈಲಿನ ಮುಂದೆ ಹಿಡಿದುಕೊಂಡು ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದಂತೆ ಮಾಡಿದೆ.

ಚಿಕ್ಕ ಗಡಿಯಾರ ವೈಸ್‌ರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಮಾರುಕಟ್ಟೆಯ ಕಟ್ಟಡವೂ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದ್ದು. ಒಳಗೆ 800ಕ್ಕೂ ಹೆಚ್ಚು ಅಂಗಡಿಗಳು. ಹೂವಿಗೊಂದು ಸಾಲು, ಬಾಳೆಹಣ್ಣಿಗೊಂದು, ವೀಳ್ಯದೆಲೆಗೆ ಬೇರೆ, ತರಕಾರಿಗೆ ಬೇರೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಟ್ಯಾಗ್ ಇದೆ. ಮೂರೂ ಒಂದೇ ಸೂರಿನಡಿ ಸಿಗುವ ಜಾಗ ಎಂದರೆ ಪ್ರವಾಸಿಗರು ತಲೆದೂಗುತ್ತಿದ್ದರು. ಕೈ ಮಾತ್ರ ಕ್ಯಾಮೆರಾದ ಮೇಲೇ ಇರುತ್ತಿತ್ತು. ಅವರು ಬಂದಿರುವುದು ಕುಂಕುಮದ ಗುಡ್ಡೆ ನೋಡಲು.

ನೀವೂ ಆ ಫೋಟೊ ನೋಡಿರುತ್ತೀರಿ. ಕೆಂಪು, ನೀಲಿ, ಹಸಿರು, ಕೇಸರಿ ಪುಡಿಗಳನ್ನು ಶಿಖರದ ಹಾಗೆ ಜೋಡಿಸಿಟ್ಟಿರುವುದು. ಮೈಸೂರು ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಅರಮನೆಯ ಹಿಂದೆಯೇ ಅದು ಬರುತ್ತದೆ. ಮುಂದಿನ ಸಾಲಿನ ಗುಡ್ಡೆಗಳನ್ನು ವಾರಗಟ್ಟಲೆ ಮುಟ್ಟುವುದೇ ಇಲ್ಲ ಎಂದು ಆ ಸಾಲಿನ ಅಣ್ಣನೊಬ್ಬರು ಹೇಳಿದರು. ನಮ್ಮೂರಿನವರು ಕೇಳುವುದು ಅರಿಶಿನ, ಕುಂಕುಮ, ರಂಗೋಲಿ ಪುಡಿ. ಅದನ್ನು ಹಿಂದಿನ ಡಬ್ಬದಿಂದ ತೆಗೆದು ಕಟ್ಟಿಕೊಡುತ್ತಾರೆ. ಮುಂದಿನದು ನೋಡುವವರಿಗೆ, ಹಿಂದಿನದು ಕೊಳ್ಳುವವರಿಗೆ. ಅವರನ್ನು ದೂರುವುದಕ್ಕೆ ಹೇಳುತ್ತಿಲ್ಲ. ನೋಡಲು ಬಂದವರಲ್ಲಿ ಹತ್ತಕ್ಕೆ ಒಬ್ಬರಾದರೂ ಅಗರಬತ್ತಿಯೋ ಸುಗಂಧದ ಎಣ್ಣೆಯೋ ಒಯ್ಯುತ್ತಾರೆ, ಆ ಸಾಲಿನ ಸಂಸಾರಗಳು ಅದರಲ್ಲೂ ನಡೆಯುತ್ತವೆ.

ಹೂವಿಗೆ ಆ ಭಾಗ್ಯವಿಲ್ಲ. ಮಲ್ಲಿಗೆಯನ್ನು ವಿಮಾನದಲ್ಲಿ ಒಯ್ಯಲು ಆಗುತ್ತದೆಯೇ? ಮೂಗಿನ ಹತ್ತಿರ ಹಿಡಿದು ‘ವಾವ್’ ಎಂದು ಬುಟ್ಟಿಗೆ ವಾಪಸ್ ಇಟ್ಟು ಹೋಗುತ್ತಾರೆ. ಮೂಸಿದ ಹೂವನ್ನು ದೇವರಿಗೆ ಮುಡಿಸುವ ಹಾಗಿಲ್ಲ, ಅಜ್ಜಿ ಅದನ್ನು ಎತ್ತಿ ಪಕ್ಕಕ್ಕಿಡುತ್ತಾಳೆ. ನನ್ನ ಗುಂಪಿನವರು ಹಾಗೆ ಮಾಡಿದಾಗಲೆಲ್ಲ ನನ್ನ ಸಂಬಳದಲ್ಲಿ ಅಷ್ಟು ಮೊಳ ಕಳೆದಂತೆ ಲೆಕ್ಕ ಹಾಕುತ್ತಿದ್ದೆ.

ಒಂದು ದಿನ ದೊಡ್ಡ ಕ್ಯಾಮೆರಾ ತಂದಿದ್ದ ಒಬ್ಬರು ಅಜ್ಜಿಯ ಫೋಟೊ ತೆಗೆಯುವಾಗ ಪಕ್ಕದ ಪ್ಲಾಸ್ಟಿಕ್ ಕ್ರೇಟು ಮತ್ತು ಕ್ಯೂಆರ್ ಬೋರ್ಡು ಸರಿಸಲು ಹೇಳಿ ಎಂದರು. ಹಳೆಯದರ ಹಾಗೆ ಕಾಣಬೇಕಂತೆ. ನಾನೇ ಅನುವಾದಿಸಿ ಹೇಳಿದೆ. ಅಪ್ಪ ನನ್ನ ಮುಖವನ್ನೊಮ್ಮೆ ನೋಡಿ, ಏನೂ ಮಾತಾಡದೆ ಎರಡನ್ನೂ ಎತ್ತಿ ಕಾಲ ಬಳಿ ಇಟ್ಟರು. ಅಷ್ಟರಲ್ಲಿ ಬಟ್ಟೆ ಚೀಲ ಹಿಡಿದ ಹೆಂಗಸೊಬ್ಬರು ಬಂದು ಎರಡು ಮಾರು ಕಾಕಡ ಕೇಳಿದರು. ಕ್ಯಾಮೆರಾದವರು ಕೈ ಅಡ್ಡ ಹಿಡಿದು ‘ಒಂದೇ ನಿಮಿಷ’ ಎಂದರು. ಆ ಹೆಂಗಸು ನನ್ನ ಕಡೆ ತಿರುಗಿ, “ದಾರಿ ಬಿಡ್ಸಮ್ಮ, ಬಸ್ಸಿಗೆ ಹೊತ್ತಾಯ್ತು” ಎಂದರು. ನಾನು ಬಿಡಿಸುವಷ್ಟರಲ್ಲಿ ಅವರು ಹೊರಟೇಹೋದರು. ದೇವಸ್ಥಾನದ ಹತ್ತಿರ ತಳ್ಳುಗಾಡಿಯವರು ಕೊಡುತ್ತಾರೆ, ಅದಕ್ಕೆ ಮಾರುಕಟ್ಟೆಯೇ ಆಗಬೇಕೆಂದೇನೂ ಇಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು ಇಷ್ಟೇ: “ನೋಡೋರು ಬರ್ಲಿ ಕಣವ್ವ, ಬೇಡ ಅನ್ನಲ್ಲ. ಕೊಳ್ಳೋರು ನಿಂತುಬಿಟ್ರೆ ಅವರಾದ್ರೂ ಏನು ನೋಡ್ತಾರೆ?”

ಅಪ್ಪನಿಗೆ ಇನ್ನೊಂದು ಭಯವೂ ಇದೆ. 2012ರ ಆಗಸ್ಟ್‌ನಲ್ಲಿ, ನಮ್ಮ ಮಾರುಕಟ್ಟೆಯಿಂದ ಕೂಗಳತೆಯ ದೂರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಹಳೆಯ ಪಠ್ಯಪುಸ್ತಕ ಬೇಕೆಂದರೆ ಊರಿನ ಮಕ್ಕಳೆಲ್ಲ ಹೋಗುತ್ತಿದ್ದ ಕಟ್ಟಡವದು. 2016ರ ಆಗಸ್ಟ್‌ನಲ್ಲಿ ನಮ್ಮ ಮಾರುಕಟ್ಟೆಯ ಉತ್ತರದ ದ್ವಾರದ ಕಡೆಯೂ ಬಿತ್ತು. ಗೌರಿ ಹಬ್ಬಕ್ಕೆ ಒಂದೇ ವಾರವಿತ್ತು. ನಮ್ಮ ಸಾಲಿಗೆ ಏನೂ ಆಗಲಿಲ್ಲ, ಆದರೆ ಅಪ್ಪ ಆ ಹಬ್ಬದ ಹೂವನ್ನೆಲ್ಲ ತಲೆಯೆತ್ತಿ ಚಾವಣಿ ನೋಡುತ್ತಲೇ ಮಾರಿದ್ದು ನನಗೆ ನೆನಪಿದೆ.

ಅಲ್ಲಿಂದ ಶುರುವಾದ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಕೆಡವಿ ಹೊಸದಾಗಿ ಕಟ್ಟಬೇಕು ಎನ್ನುವವರು ಒಂದು ಕಡೆ, ಪಾರಂಪರಿಕ ಕಟ್ಟಡ, ದುರಸ್ತಿ ಮಾಡಿ ಉಳಿಸಬೇಕು ಎನ್ನುವವರು ಇನ್ನೊಂದು ಕಡೆ. ಉಳಿಸಬೇಕು ಎನ್ನುವವರ ಕೈಯಲ್ಲಿರುವ ಗಟ್ಟಿ ಮಾತುಗಳಲ್ಲಿ ಪ್ರವಾಸೋದ್ಯಮವೂ ಒಂದು. ಅಂದರೆ ಕ್ಯೂಆರ್ ಬೋರ್ಡು ಸರಿಸಿ ಎಂದರಲ್ಲ, ಅವರು ತೆಗೆದ ಫೋಟೊ ಕೂಡ ನಮ್ಮ ಚಾವಣಿಗೊಂದು ಊರುಗೋಲು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವೇ ಆಯಿತು.

ನಾನಂತೂ ಉಳಿಸಬೇಕು ಎನ್ನುವ ಕಡೆಯವಳು. ಆದರೆ ಚಾವಣಿ ಗಟ್ಟಿಯಾಗಬೇಕು. ಮಳೆ ಬಂದರೆ ಟಾರ್ಪಾಲಿನ ಕೆಳಗೆ ಹೂವು ಮುಚ್ಚಿಕೊಂಡು ಕೂರುವವರಿಗೆ ಕಮಾನಿನ ಚೆಂದ ಕಾಣುವುದಿಲ್ಲ. ಗೋಡೆಯನ್ನು ಮಾತ್ರ ಉಳಿಸಿ ಒಳಗೆ ಬರೀ ಕಾಫಿ ಅಂಗಡಿ, ಉಡುಗೊರೆ ಅಂಗಡಿ ತುಂಬಿಸಿದರೂ ಅದನ್ನು ಪರಂಪರೆ ಎಂದೇ ಕರೆಯುತ್ತಾರೆ. ಆಗ ಬಟ್ಟೆ ಚೀಲದ ಆ ಹೆಂಗಸು ಎಲ್ಲಿಗೆ ಹೋಗಬೇಕು?

ರಜೆಯ ಕೊನೆಯ ವಾರ ‘ಕಾಲ ನಿಂತುಬಿಟ್ಟಿದೆ’ ಎನ್ನುವ ಸಾಲನ್ನು ಬಿಟ್ಟುಬಿಟ್ಟೆ. ಅದರ ಬದಲು ಇದು ನಮ್ಮಪ್ಪನ ಅಂಗಡಿ ಎಂದೆ. ಮುಂಜಾನೆ ಹೂವು ಹೇಗೆ ಬಂದಿಳಿಯುತ್ತದೆ, ಹಬ್ಬದ ಹಿಂದಿನ ದಿನ ಬೆಲೆ ಹೇಗೆ ಏರುತ್ತದೆ, ಉಳಿದ ಮಲ್ಲಿಗೆ ಸಂಜೆ ಹೊತ್ತಿಗೆ ಏನಾಗುತ್ತದೆ ಎಂದೆಲ್ಲ ವಿವರಿಸಿದೆ. ಕೆಲವರು ಮೊಳ ಹೂವು ಕೊಂಡು ಅಲ್ಲೇ ಮುಡಿದುಕೊಂಡರು. ಕೆಲವರು ಕುಂಕುಮದ ಗುಡ್ಡೆ ಯಾವ ಕಡೆ ಎಂದು ಕೇಳಿದರು.

ಈಗ ಕೆಲಸ ಬಿಟ್ಟಿದ್ದೇನೆ, ಪರೀಕ್ಷೆ ಹತ್ತಿರ ಬಂತು. ಹೋದ ಶನಿವಾರ ಅಂಗಡಿಯಲ್ಲಿ ಕೂತಿದ್ದಾಗ ಬೇರೆ ಯಾರದೋ ಗುಂಪು ಬಂದು ನಿಂತಿತು. ಅವರ ಗೈಡ್ ಹುಡುಗ ಅಜ್ಜಿಯ ಕಡೆ ಕೈ ತೋರಿಸಿ, ಈಕೆ ಐವತ್ತು ವರ್ಷಗಳಿಂದ ಇದೇ ಜಾಗದಲ್ಲಿ ಹೂವು ಕಟ್ಟುತ್ತಿದ್ದಾರೆ ಎಂದ. ಅಜ್ಜಿ ಮಾರುಕಟ್ಟೆಗೆ ಬಂದಿದ್ದು ತಾತ ತೀರಿಕೊಂಡ ಮೇಲೆ, ಇನ್ನೂ ಹದಿನಾಲ್ಕು ವರ್ಷವೂ ತುಂಬಿಲ್ಲ.

“ಏನಂತವ್ನೆ?” ಅಂದಳು ಅಜ್ಜಿ. ಹೇಳಿದೆ.

“ಐವತ್ತೇ ಇರ್ಲಿ ಬಿಡು” ಅಂದಳು, ದಾರಕ್ಕೆ ಗಂಟು ಹಾಕುತ್ತಾ. “ಮೊಳ ಮೊಳ ತಗೊಳ್ಳಕ್ಕೆ ಹೇಳು.”