ಗ್ಯಾಸ್ ಖಾಲಿಯಾಯಿತೋ, ಸೋರಿತೋ?

ಏಪ್ರಿಲ್ ಬಂತೆಂದರೆ ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಒಂದೇ ಮಾತು: ‘ಎಸಿ ತಂಪಾಗ್ತಿಲ್ಲ, ಗ್ಯಾಸ್ ಖಾಲಿಯಾಗಿರಬೇಕು.’ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿ ಹೋಗುತ್ತಾರೆ. ಮರುವರ್ಷ ಮತ್ತೆ ಅದೇ ಮಾತು, ಅದೇ ಬಿಲ್ಲು.

ಎಸಿಯ ಗ್ಯಾಸ್ ಬೈಕಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ, ಮನೆಯೊಳಗೆ ಆವಿಯಾಗಿ, ಹೊರಗೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಪೈಪು ಕೂಡುವ ನಟ್ಟಿನ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಮೊದಲ ಅನುಮಾನ ಅಲ್ಲೇ; ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಮುಚ್ಚಿ, ನೈಟ್ರೋಜನ್ ಒತ್ತಡ ಕೊಟ್ಟು ಪರೀಕ್ಷಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ-ತೇವ ಹೊರಗೆಳೆದು, ಯಂತ್ರದ ಮೇಲಿನ ಚೀಟಿಯಲ್ಲಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ತಕ್ಕಡಿಯನ್ನೇ ತರದೆ ‘ಟಾಪ್ ಅಪ್’ ಮಾಡುವುದು ನನ್ನ ಪ್ರಕಾರ ರಿಪೇರಿಯೇ ಅಲ್ಲ.

ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿದರೆ ‘ಎಸಿ ಭರ್ಜರಿ ತಂಪು ಮಾಡ್ತಿದೆ’ ಎಂದು ಖುಷಿಪಡುವವರಿದ್ದಾರೆ. ಅದು ರೋಗದ ಲಕ್ಷಣ. ಧೂಳು ತುಂಬಿದ ಫಿಲ್ಟರಿನಿಂದಾಗಿ ಗಾಳಿ ಸಾಕಷ್ಟು ಹಾಯದಿದ್ದರೂ ಐಸ್ ಕಟ್ಟುತ್ತದೆ, ಗ್ಯಾಸ್ ಕಡಿಮೆಯಾದರೂ ಕಟ್ಟುತ್ತದೆ. ಬರೀ ಫ್ಯಾನ್ ಓಡಿಸಿ ಐಸ್ ಕರಗಿಸಿ, ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಫಿಲ್ಟರ್, ಬ್ಲೋವರ್, ಕಾಯಿಲ್ ಮೂರೂ ಶುಚಿಯಾಗಿದ್ದು ಮತ್ತೆ ಐಸ್ ಕಟ್ಟಿದರೆ ಆಗ ಗ್ಯಾಸಿನ ಮಾತು.

ಇಪ್ಪತ್ತು ನಿಮಿಷ ಓಡಿದ ಎಸಿಯಲ್ಲಿ ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು. ಒಂದು ಥರ್ಮಾಮೀಟರ್ ಇದ್ದರೆ ಮನೆಯವರೇ ನೋಡಬಹುದು. ಮಂಗಳೂರಿನಂಥ ಕಡೆ ವ್ಯತ್ಯಾಸ ಇದಕ್ಕಿಂತ ಕಡಿಮೆ ಬಂದರೂ ಗಾಬರಿ ಬೇಡ. ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ಯಂತ್ರದ ಶಕ್ತಿಯ ಒಂದು ಪಾಲು ಖರ್ಚಾಗುತ್ತದೆ. ಗೋಡೆಯ ಮೇಲೆ ಇಳಿಯುವ ನೀರು ಬಹುತೇಕ ಆ ತೇವವೇ, ಪಾಚಿ ಕಟ್ಟಿದ ಡ್ರೈನ್ ಪೈಪಿನಿಂದ ಹಿಂದಕ್ಕೆ ಬಂದದ್ದು. ಅದನ್ನು ಗ್ಯಾಸ್ ಸೋರಿಕೆ ಎಂದು ಓದಬೇಡಿ.

ಇನ್ನು ‘ಕಂಪ್ರೆಸರ್ ಹೋಯ್ತು’ ಎಂಬ ದುಬಾರಿ ತೀರ್ಪು. ಕರೆಂಟು ಹೋಗಿ ಬಂದಾಗ ಕಂಪ್ರೆಸರ್ ಸುಮಾರು ಮೂರು ನಿಮಿಷ ಬೇಕೆಂದೇ ಸುಮ್ಮನಿರುತ್ತದೆ, ಮೊದಲು ಅಷ್ಟು ಕಾಯಿರಿ. ಇನ್ವರ್ಟರ್ ಅಲ್ಲದ ಎಸಿಯಲ್ಲಿ ಔಟ್‌ಡೋರ್ ಯೂನಿಟ್ ಗುಂಯ್‌ಗುಟ್ಟಿ ಸ್ಟಾರ್ಟ್ ಆಗದಿದ್ದರೆ, ಕಂಪ್ರೆಸರಿಗಿಂತ ಎಷ್ಟೋ ಅಗ್ಗದ ಕೆಪಾಸಿಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ತಲೆ ಉಬ್ಬಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ಆದರೆ ನೀವೇ ಕೈಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಇನ್ವರ್ಟರ್ ಎಸಿಯಾದರೆ ಪರದೆಯ ಮೇಲಿನ ಎರರ್ ಕೋಡನ್ನು ಫೋಟೊ ತೆಗೆದಿಟ್ಟು ಆ ಮಾಡೆಲಿನ ಕೈಪಿಡಿಯಲ್ಲಿ ನೋಡಿ. ಕೋಡ್ ಯಾವ ಭಾಗದಲ್ಲಿ ತೊಂದರೆ ಎಂದಷ್ಟೇ ಹೇಳುತ್ತದೆ. ಸೆನ್ಸರಿನ ಕೋಡ್ ಬಂದಿದ್ದರೆ, ಸೆನ್ಸರನ್ನೂ ಅದರ ವೈರನ್ನೂ ಮೀಟರಿನಲ್ಲಿ ಅಳೆದು ತೋರಿಸುವವರೆಗೆ ಇಡೀ ಬೋರ್ಡ್ ಬದಲಿಸಲು ಒಪ್ಪಬೇಡಿ.