ಎಲ್‌ಇಡಿ ಇಂಡಿಕೇಟರ್‌ಗೆ ರೆಸಿಸ್ಟರ್ ಹಾಕಿದರೆ ಬ್ಯಾಟರಿ ಉಳಿಯುತ್ತದೆಯೇ?

‘ಇಂಡಿಕೇಟರ್‌ಗೆ ಎಲ್‌ಇಡಿ ಹಾಕಿ, ಜೊತೆಗೊಂದು ರೆಸಿಸ್ಟರ್ ಕೂರಿಸಿ, ಬ್ಯಾಟರಿ ಉಳಿಸಿ’ ಎನ್ನುವಂಥ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ಎಲ್‌ಇಡಿಗೆ ಕಡಿಮೆ ಕರೆಂಟ್ ಸಾಕು, ಸರಿ. ಆದರೆ ರೆಸಿಸ್ಟರ್ ಸೇರಿಸಿದ ಕೂಡಲೇ ಆ ಉಳಿತಾಯ ಮುಗಿಯಿತು.

ಹಾಗಾದರೆ ಅದನ್ನು ಹಾಕುವುದೇಕೆ?

ಎಲ್‌ಇಡಿ ಹಾಕಿದ ಮೇಲೆ ಅನೇಕ ಗಾಡಿಗಳಲ್ಲಿ ಇಂಡಿಕೇಟರ್ ಪಟಪಟನೆ ಮಿನುಗತೊಡಗುತ್ತದೆ. ಎಲ್‌ಇಡಿ ಕೆಟ್ಟಿದೆ ಎಂದಲ್ಲ. ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಶರ್, ಹರಿಯುವ ಕರೆಂಟನ್ನು ನೋಡುತ್ತಿರುತ್ತದೆ. ಒಂದು ಬಲ್ಬ್ ಸುಟ್ಟರೆ ಕರೆಂಟ್ ಇಳಿಯುತ್ತದೆ. ಆಗ ಅದು ವೇಗವಾಗಿ ಮಿನುಗಿಸಿ ಚಾಲಕರನ್ನು ಎಚ್ಚರಿಸುತ್ತದೆ. ಕಾರಿನ ಹಳೆ ಬಲ್ಬ್ 21 ವ್ಯಾಟ್, ಅದರ ಜಾಗದ ಎಲ್‌ಇಡಿ ಸುಮಾರು 3 ವ್ಯಾಟ್. ಬಲ್ಬ್ ಸುಟ್ಟಿದೆ ಎಂದೇ ಫ್ಲ್ಯಾಶರ್ ತಿಳಿಯುತ್ತದೆ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಆದ್ದರಿಂದ ಇದನ್ನು ಹಾಗೇ ಬಿಡುವಂತಿಲ್ಲ.

ಲೋಡ್ ರೆಸಿಸ್ಟರ್ ಮಾಡುವುದು ಫ್ಲ್ಯಾಶರ್‌ಗೆ ಸುಳ್ಳು ಹೇಳುವ ಕೆಲಸ. ಎಲ್‌ಇಡಿಯ ಎರಡು ವೈರ್‌ಗಳ ನಡುವೆ ಅದನ್ನು ಅಡ್ಡಲಾಗಿ ಜೋಡಿಸುತ್ತಾರೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 6 ಓಮ್ ರೆಸಿಸ್ಟರ್ 12 ವೋಲ್ಟ್‌ನಲ್ಲಿ 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವ್ಯಾಟ್. ಎಲ್‌ಇಡಿಯದೂ ಸೇರಿದರೆ 27. ಹಳೆ ಬಲ್ಬ್‌ಗಿಂತಲೂ ಹೆಚ್ಚು! ಎಂಜಿನ್ ಓಡುವಾಗ ವೋಲ್ಟೇಜ್ 14ರ ಆಸುಪಾಸಿಗೆ ಏರಿ, ರೆಸಿಸ್ಟರ್ ಒಂದೇ ಸುಮಾರು 32 ವ್ಯಾಟ್ ತಿನ್ನುತ್ತದೆ.

ಅಷ್ಟೂ ಬಿಸಿಯಾಗಿ ಹೊರಬರುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲೋ ಶೃಂಗೇರಿ ರಸ್ತೆಯಲ್ಲೋ ಮಳೆಗಾಲದಲ್ಲಿ ಕಾರು ಕೆಟ್ಟು ನಿಂತಿದೆ ಎಂದುಕೊಳ್ಳಿ. ನಾಲ್ಕೂ ಇಂಡಿಕೇಟರ್ ಹಾಕಿ ಅರ್ಧ ಗಂಟೆ ಕಾಯುತ್ತೀರಿ. ಹೊರಗೆ ಎಷ್ಟೇ ತಂಪಿದ್ದರೂ ಲ್ಯಾಂಪಿನ ಹಿಂದಿನ ಇಕ್ಕಟ್ಟಿನಲ್ಲಿರುವ ರೆಸಿಸ್ಟರ್ ಕೈಸುಡುವಷ್ಟು ಕಾಯುತ್ತದೆ. ಅದರ ಮೇಲೆ ‘50 ವ್ಯಾಟ್’ ಎಂದು ಬರೆದಿರುವುದು ಲೋಹಕ್ಕೆ ಬೋಲ್ಟ್ ಮಾಡಿದಾಗಿನ ಲೆಕ್ಕ. ಟೇಪ್ ಸುತ್ತಿ ಬಿಟ್ಟರೆ, ಪ್ಲಾಸ್ಟಿಕ್‌ಗೋ ವೈರ್ ಕಟ್ಟಿಗೋ ತಾಗಿಸಿದರೆ ಕರಗುವುದು ಖಂಡಿತ, ಬೆಂಕಿಯ ಅಪಾಯವೂ ಇದೆ. ಇನ್ನೊಂದು ತೊಂದರೆ: ಎಲ್‌ಇಡಿ ಸುಟ್ಟರೂ ರೆಸಿಸ್ಟರ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಇಂಡಿಕೇಟರ್ ಸತ್ತಿರುವುದು ನಿಮಗೆ ತಿಳಿಯುವುದೇ ಇಲ್ಲ. ಹಿಂದಿನಿಂದ ಬರುವವರಿಗೂ ನೀವು ತಿರುಗುವುದು ಕಾಣದು.

ಬೈಕ್, ಸ್ಕೂಟರ್, ಹಳೆ ಕಾರು, ಜೀಪುಗಳಲ್ಲಿ ಫ್ಲ್ಯಾಶರ್ ಪ್ರತ್ಯೇಕವಾಗಿದ್ದರೆ ರೆಸಿಸ್ಟರ್‌ನ ಗೋಜೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಸಿಗುತ್ತದೆ, ಅದನ್ನು ಬದಲಿಸಿದರೆ ಮುಗಿಯಿತು. ಇಂಥ ಎಷ್ಟೋ ಫ್ಲ್ಯಾಶರ್‌ಗಳೂ ಸುಟ್ಟ ದೀಪದ ಎಚ್ಚರಿಕೆ ಕೊಡುವುದಿಲ್ಲ, ಆದರೆ ಬಿಸಿಯ ಭಯವಿಲ್ಲ. ಹೊಸ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ಮಾಡುವುದರಿಂದ ಬದಲಿಸಲು ಬೇರೆ ಫ್ಲ್ಯಾಶರ್ ಇರುವುದಿಲ್ಲ. ಅಲ್ಲಿ ರೆಸಿಸ್ಟರ್ ಹಾಕಲೇಬೇಕೆಂದರೆ ಬಾಡಿಯ ಲೋಹಕ್ಕೆ ಬೋಲ್ಟ್ ಮಾಡಿಸಿ, ವಾರಕ್ಕೊಮ್ಮೆ ಇಂಡಿಕೇಟರ್ ಹಾಕಿ, ಇಳಿದು ಗಾಡಿಗೆ ಒಂದು ಸುತ್ತು ಬಂದು ನೋಡಿ.