ಹೊಸ ಋತುವಿನ ರಕ್ಷಣಾಬಲ ಅಳೆಯುವುದು ಹೇಗೆ? ಬೋಸ್ಟನ್ ತೋರಿದ ದಾರಿ

ಪ್ರತಿ ವರ್ಷ ಅಕ್ಟೋಬರ್ ಸಮೀಪಿಸುತ್ತಿದ್ದಂತೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅಭಿಮಾನಿಗಳಲ್ಲಿ ಒಂದೇ ಚರ್ಚೆ: ಈ ಬಾರಿ ಯಾವ ತಂಡ ಬಲಿಷ್ಠ? ಮಾತು ಸಾಮಾನ್ಯವಾಗಿ ಅಂಕ ಗಳಿಸುವವರ ಸುತ್ತಲೇ ಸುತ್ತುತ್ತದೆ. ಎದುರಾಳಿಯನ್ನು ತಡೆಯುವ ಶಕ್ತಿ ಎಷ್ಟಿದೆ ಎಂದು ಕೇಳುವವರು ಕಡಿಮೆ. ರಕ್ಷಣೆಯನ್ನು ಮುಂಚಿತವಾಗಿ ಅಂದಾಜಿಸುವುದು ಕಷ್ಟವೂ ಹೌದು. ಆದರೂ ಅದಕ್ಕೊಂದು ಕ್ರಮವಿದೆ. 2007-08ರ ಋತುವಿಗೆ ಮುನ್ನ ಬೋಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ನಡೆದ ಬದಲಾವಣೆಗಳು ಇದಕ್ಕೆ ಉತ್ತಮ ನಿದರ್ಶನ.

ಪಣಕ್ಕಿಟ್ಟದ್ದು ಭವಿಷ್ಯ

2006-07ರಲ್ಲಿ ಸೆಲ್ಟಿಕ್ಸ್ 82 ಪಂದ್ಯಗಳ ಪೈಕಿ ಗೆದ್ದದ್ದು ಕೇವಲ 24. ಆ ಋತುವಿನಲ್ಲಿ ಸತತ 18 ಪಂದ್ಯಗಳನ್ನು ಸೋತು ತಂಡ ತನ್ನ ಇತಿಹಾಸದಲ್ಲೇ ಅತಿ ದೀರ್ಘವಾದ ಸೋಲಿನ ಸರಣಿಯನ್ನು ಕಂಡಿತ್ತು. 1986ರ ನಂತರ ಪ್ರಶಸ್ತಿಯ ಮುಖವನ್ನೇ ನೋಡಿರಲಿಲ್ಲ.

ತಂಡದ ವ್ಯವಹಾರಗಳ ಮುಖ್ಯಸ್ಥ ಡ್ಯಾನಿ ಐಂಜ್ 2007ರ ಜೂನ್‌ನಲ್ಲಿ ಸಿಯಾಟಲ್‌ನಿಂದ ರೇ ಅಲೆನ್ ಅವರನ್ನೂ ಜುಲೈ 31ರಂದು ಮಿನ್ನೆಸೋಟಾದಿಂದ ಕೆವಿನ್ ಗಾರ್ನೆಟ್ ಅವರನ್ನೂ ಕರೆತಂದರು. ಗಾರ್ನೆಟ್ ಒಬ್ಬರಿಗಾಗಿ ಐವರು ಆಟಗಾರರನ್ನೂ ಮೊದಲ ಸುತ್ತಿನ ಎರಡು ಆಯ್ಕೆಯ ಹಕ್ಕುಗಳನ್ನೂ ತೆರಬೇಕಾಯಿತು. ಅಂದರೆ ಯುವ ಆಟಗಾರರನ್ನು ಬೆಳೆಸುವ ಯೋಜನೆಯನ್ನೇ ತಂಡ ಕೈಬಿಟ್ಟಿತು. ಪ್ರಯೋಗ ವಿಫಲವಾಗಿದ್ದರೆ ಮತ್ತೆ ತಲೆಯೆತ್ತಲು ಹಲವು ವರ್ಷಗಳೇ ಬೇಕಾಗುತ್ತಿದ್ದವು.

ಮೊದಲಿನಿಂದಲೂ ತಂಡದಲ್ಲಿದ್ದ ಪಾಲ್ ಪಿಯರ್ಸ್ ಸೇರಿದಂತೆ ಈ ಮೂವರೂ ಹಿಂದಿನ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 22ಕ್ಕೂ ಹೆಚ್ಚು ಅಂಕ ಗಳಿಸಿದ್ದವರು. ಆಕ್ರಮಣದ ಬಗ್ಗೆ ಸಂಶಯವಿರಲಿಲ್ಲ. ಆದರೆ ಮೂವರೂ ಮೂವತ್ತರ ಗಡಿ ಮುಟ್ಟಿದ್ದವರು. ಉಳಿದಿಬ್ಬರು ಆರಂಭಿಕ ಆಟಗಾರರ ಪೈಕಿ ಪಾಯಿಂಟ್ ಗಾರ್ಡ್ ರಾಜಾನ್ ರಾಂಡೊಗೆ 21 ವರ್ಷ, ಸೆಂಟರ್ ಕೆಂಡ್ರಿಕ್ ಪರ್ಕಿನ್ಸ್‌ಗೆ 22. ಇಂತಹ ಐವರು ಎದುರಾಳಿಯನ್ನು ತಡೆದಾರೆಯೇ ಎಂಬ ಪ್ರಶ್ನೆ ಸಹಜವಾಗಿತ್ತು.

ನಿಯಮ ಬದಲಾದಾಗ

ಉತ್ತರಕ್ಕೆ ಮುನ್ನ ಆಟದ ನಿಯಮಗಳತ್ತ ನೋಡಬೇಕು. 2001-02ರವರೆಗೆ ಎನ್‌ಬಿಎಯಲ್ಲಿ ರಕ್ಷಣಾ ಆಟಗಾರನು ತನಗೆ ವಹಿಸಿದ ಎದುರಾಳಿಯನ್ನು ಬಿಟ್ಟು ಬೇರೆಡೆ ನಿಲ್ಲುವುದಕ್ಕೆ ಕಟ್ಟುನಿಟ್ಟಿನ ಮಿತಿಯಿತ್ತು. ಆ ಋತುವಿನಿಂದ ಮಿತಿಯನ್ನು ತೆಗೆಯಲಾಯಿತು. ಬದಲಿಗೆ, ಎದುರಾಳಿಯೊಬ್ಬನನ್ನು ಹತ್ತಿರದಿಂದ ಕಾಯದೆ ಬುಟ್ಟಿಯ ಮುಂದಿನ ಆವರಣದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ನಿಲ್ಲುವಂತಿಲ್ಲ ಎಂಬ ನಿಯಮ ಬಂದಿತು. 2004-05ರಿಂದ ಹೊರವಲಯದಲ್ಲಿ ಚೆಂಡು ಹಿಡಿದವನ ಮೇಲೆ ಕೈಯಿಟ್ಟು ತಡೆಯುವುದಕ್ಕೂ ಕಡಿವಾಣ ಬಿತ್ತು.

ಇದರ ಪರಿಣಾಮ ಎರಡು ಬಗೆಯದು. ವೇಗದ ಆಟಗಾರನನ್ನು ಒಬ್ಬನೇ ತಡೆಯುವುದು ಇನ್ನಷ್ಟು ಕಷ್ಟವಾಯಿತು. ನಾಲ್ವರು ಸೇರಿ ಅವನ ದಾರಿ ಮುಚ್ಚುವುದು ಸುಲಭವಾಯಿತು. ರಕ್ಷಣೆ ವ್ಯಕ್ತಿಯ ಕೆಲಸವಾಗಿ ಉಳಿಯದೆ ತಂಡದ ಕೆಲಸವಾಯಿತು.

ಥಿಬೊಡೊ ಸೂತ್ರ

ಇದನ್ನು ಚೆನ್ನಾಗಿ ಅರಿತಿದ್ದವರು ಟಾಮ್ ಥಿಬೊಡೊ. ಹ್ಯೂಸ್ಟನ್ ತಂಡದ ಸಹಾಯಕ ತರಬೇತುದಾರರಾಗಿದ್ದ ಅವರು 2007ರಲ್ಲಿ ಬೋಸ್ಟನ್‌ನ ಮುಖ್ಯ ತರಬೇತುದಾರ ಡಾಕ್ ರಿವರ್ಸ್ ಅವರ ಬಳಗ ಸೇರಿದರು. ತಾರೆಯರ ಆಗಮನದ ಸದ್ದಿನಲ್ಲಿ ಈ ನೇಮಕ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಅವರ ವಿಧಾನ ಸ್ಥೂಲವಾಗಿ ಹೀಗಿದೆ. ಅಂಕಣದ ಒಂದು ಬದಿಯಲ್ಲಿ ಚೆಂಡು ಹಿಡಿದವನಿಗೆ ಅವನ ಜೊತೆಗಾರ ಗೋಡೆಯಂತೆ ಅಡ್ಡ ನಿಂತು ದಾರಿ ಮಾಡಿಕೊಡಲು ಬಂದಾಗ, ರಕ್ಷಣಾ ಆಟಗಾರ ಅವನನ್ನು ಅಂಕಣದ ನಡುವಿಗೆ ಹೋಗಗೊಡದೆ ಪಕ್ಕದ ಗೆರೆಯತ್ತ ತಳ್ಳುತ್ತಾನೆ. ಎತ್ತರದ ಆಟಗಾರ ಕೆಳಗೆ ಕಾದು ನಿಲ್ಲುತ್ತಾನೆ. ಎದುರು ಬದಿಯಿಂದ ಇನ್ನೊಬ್ಬ ರಕ್ಷಣಾ ಆಟಗಾರ ಚೆಂಡಿರುವ ಬದಿಗೆ ಸರಿದು ಬುಟ್ಟಿಯ ದಾರಿಯನ್ನು ಮುಚ್ಚುತ್ತಾನೆ. ಚೆಂಡು ಹಿಡಿದವನಿಗೆ ಉಳಿಯುವುದು ಅಂಕಣದ ಆಚೆ ಬದಿಗೆ ಉದ್ದನೆಯ ಪಾಸ್ ಮಾತ್ರ. ಅದು ಗಾಳಿಯಲ್ಲಿರುವಷ್ಟರಲ್ಲಿ ಎಲ್ಲರೂ ತಂತಮ್ಮ ಜಾಗಕ್ಕೆ ಮರಳಿರಬೇಕು.

ಕಬಡ್ಡಿ ಬಲ್ಲ ನಮ್ಮ ಓದುಗರಿಗೆ ಇದು ಅಪರಿಚಿತವಲ್ಲ. ಮೂಲೆಯ ಆಟಗಾರ ದಾಳಿಗಾರನ ಕಾಲು ಹಿಡಿದರೆ ಸಾಲದು. ಅದೇ ಕ್ಷಣ ಉಳಿದವರು ಮೇಲೆರಗದಿದ್ದರೆ ಆತ ಗೆರೆ ಮುಟ್ಟಿಬಿಡುತ್ತಾನೆ. ಇಲ್ಲಿಯೂ ಒಬ್ಬ ಅರೆಕ್ಷಣ ತಡಮಾಡಿದರೆ ಕೋಟೆ ಬಿರುಕು ಬಿಡುತ್ತದೆ.

ಹಾಗಾಗಿಯೇ ಗಾರ್ನೆಟ್ ಅವರ ಪಾತ್ರ ನಿರ್ಣಾಯಕವಾಯಿತು. ಎತ್ತರ, ಉದ್ದನೆಯ ತೋಳು, ಚುರುಕಾದ ಕಾಲುಗಳಲ್ಲದೆ ಅವರಲ್ಲಿದ್ದ ಮತ್ತೊಂದು ಗುಣ ನಿರಂತರವಾಗಿ ಮಾತನಾಡುವುದು. ಅಡ್ಡ ಬರುವವನು ಯಾವ ಕಡೆಯಿಂದ ಬರುತ್ತಿದ್ದಾನೆ, ಯಾರು ಎತ್ತ ಸರಿಯಬೇಕು ಎಂದು ಹಿಂದಿನಿಂದ ಕೂಗಿ ಹೇಳುವ ದನಿ ಕಿರಿಯರಾದ ರಾಂಡೊ ಮತ್ತು ಪರ್ಕಿನ್ಸ್‌ಗೆ ದಿಕ್ಸೂಚಿಯಾಯಿತು.

ಇನ್ನೊಂದು ಕಾರಣ ಹೊರೆಯ ಹಂಚಿಕೆ. ಮೂವರು ಸೇರಿದ್ದರಿಂದ ಯಾರೊಬ್ಬರೂ ಅಂಕಗಳ ಭಾರವನ್ನು ಒಂಟಿಯಾಗಿ ಹೊರಬೇಕಾಗಲಿಲ್ಲ. ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ 39 ನಿಮಿಷಕ್ಕೂ ಹೆಚ್ಚು ಆಡಿದ್ದ ಗಾರ್ನೆಟ್ ಈ ಬಾರಿ ಸರಾಸರಿ 33 ನಿಮಿಷದೊಳಗೆ ಆಡಿದರು. ಅಲೆನ್ ಅವರ ಸರಾಸರಿ ಗಳಿಕೆ 26.4ರಿಂದ 17.4ಕ್ಕೆ ಇಳಿಯಿತು. ಹೀಗೆ ಉಳಿದ ಶಕ್ತಿ ರಕ್ಷಣೆಗೆ ಒದಗಿತು.

ಫಲಿತಾಂಶ

ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸುಮಾರು 99 ಅಂಕ ಬಿಟ್ಟುಕೊಟ್ಟಿದ್ದ ತಂಡ 2007-08ರಲ್ಲಿ ಬಿಟ್ಟುಕೊಟ್ಟದ್ದು 90.3. ಗೆಲುವುಗಳು 24ರಿಂದ 66ಕ್ಕೇರಿದವು. ಒಂದೇ ವರ್ಷದಲ್ಲಿ 42 ಗೆಲುವುಗಳ ಏರಿಕೆ ಎನ್‌ಬಿಎ ದಾಖಲೆಯಾಯಿತು. ಗಾರ್ನೆಟ್ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿಗೆ ಭಾಜನರಾದರು.

ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧದ ಫೈನಲ್ ಸರಣಿಯ ನಾಲ್ಕನೇ ಪಂದ್ಯದಲ್ಲಿ 24 ಅಂಕಗಳಷ್ಟು ಹಿಂದಿದ್ದ ಬೋಸ್ಟನ್ ಎದುರಾಳಿಯ ನೆಲದಲ್ಲೇ 97-91ರಿಂದ ಗೆದ್ದಿತು. ದ್ವಿತೀಯಾರ್ಧದಲ್ಲಿ ಕೋಬಿ ಬ್ರಯಂಟ್ ಅವರನ್ನು ಕಾಯುವ ಹೊಣೆ ಹೊತ್ತವರು ಪಿಯರ್ಸ್. ಜೂನ್ 17ರಂದು ಆರನೇ ಪಂದ್ಯವನ್ನು 131-92ರಿಂದ ಗೆದ್ದ ಸೆಲ್ಟಿಕ್ಸ್ 22 ವರ್ಷಗಳ ಬರವನ್ನು ನೀಗಿಸಿಕೊಂಡಿತು.

ಲೆಕ್ಕ ತಪ್ಪುವುದೆಲ್ಲಿ?

ಈ ಬಗೆಯ ಅಂದಾಜಿಗೆ ಎರಡು ಮಿತಿಗಳಿವೆ. ಮೊದಲನೆಯದು ಅಂಕಿ-ಅಂಶಗಳದ್ದು. ನಿಧಾನಗತಿಯ ತಂಡ ಕಡಿಮೆ ಅಂಕ ಬಿಟ್ಟುಕೊಡುವುದು ಸ್ವಾಭಾವಿಕ. ಆದ್ದರಿಂದ ಪಂದ್ಯದ ಸರಾಸರಿಗಿಂತ, ಎದುರಾಳಿಗೆ ಚೆಂಡು ಸಿಕ್ಕ ಪ್ರತಿ 100 ಸರದಿಗಳಲ್ಲಿ ಬಿಟ್ಟುಕೊಟ್ಟ ಅಂಕಗಳನ್ನು ನೋಡುವುದು ಸೂಕ್ತ. ಈ ಮಾನದಂಡದಲ್ಲೂ ಆ ವರ್ಷ ಬೋಸ್ಟನ್ ಲೀಗ್‌ನಲ್ಲೇ ಮೊದಲ ಸ್ಥಾನದಲ್ಲಿತ್ತು.

ಎರಡನೆಯದು ಗಾಯ. 2009ರ ಫೆಬ್ರುವರಿಯಲ್ಲಿ ಮೊಣಕಾಲಿನ ನೋವಿಗೆ ತುತ್ತಾದ ಗಾರ್ನೆಟ್ ಆ ವರ್ಷದ ಪ್ಲೇಆಫ್‌ನಲ್ಲಿ ಆಡಲಿಲ್ಲ. 62 ಪಂದ್ಯ ಗೆದ್ದಿದ್ದ ತಂಡ ಎರಡನೇ ಸುತ್ತಿನಲ್ಲೇ ಒರ್ಲಾಂಡೊಗೆ ಸೋತಿತು. ಸೂತ್ರ ಅದೇ ಇತ್ತು. ಅದನ್ನು ಹಿಂದೆ ನಿಂತು ನಡೆಸುವ ದನಿ ಇರಲಿಲ್ಲ.

ಯಾವುದೇ ತಂಡದ ಮುಂದಿನ ಋತುವನ್ನು ಅಳೆಯಬಯಸುವವರು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಬುಟ್ಟಿಯ ಬಳಿ ನಿಂತು ಉಳಿದವರನ್ನು ನಿರ್ದೇಶಿಸುವವರು ಯಾರು? ರಕ್ಷಣೆಯ ವಿನ್ಯಾಸ ಯಾವ ತರಬೇತುದಾರರ ಕೈಯಲ್ಲಿದೆ? ಪ್ರಮುಖ ಆಟಗಾರರಿಗೆ ತಡೆಯುವ ಕೆಲಸಕ್ಕೂ ಶಕ್ತಿ ಉಳಿಯುವಷ್ಟು ಹೊರೆ ಹಂಚಿಕೆಯಾಗಿದೆಯೇ? ಮುಖ್ಯ ಕಾವಲುಗಾರ ಗಾಯಗೊಂಡರೆ ಆ ಸ್ಥಾನಕ್ಕೆ ಯಾರಿದ್ದಾರೆ? 2007ರ ಅಕ್ಟೋಬರ್‌ನಲ್ಲಿ ಮೊದಲ ಮೂರಕ್ಕೆ ಬೋಸ್ಟನ್ ಬಳಿ ಸ್ಪಷ್ಟ ಉತ್ತರಗಳಿದ್ದವು. ನಾಲ್ಕನೆಯದಕ್ಕೆ ಉತ್ತರ ಇಲ್ಲದಿರುವುದು ಬಯಲಾದದ್ದು 2009ರಲ್ಲಿ.